ಹಿರಿಯೂರಿನ ಪಂಪ್‌ಸೆಟ್ ಫೀಡರ್: ಒಂದೇ ದತ್ತಾಂಶಕ್ಕೆ ಎರಡು ತಂತ್ರಾಂಶಗಳಿಂದ ಎರಡು ಉತ್ತರ

ವೇದಾವತಿ ದಂಡೆ, ಹಿರಿಯೂರು

ಕೃಷಿ ಪಂಪ್‌ಗಳಿಗೆ ಸೌರ ವಿದ್ಯುತ್ ಒದಗಿಸುವ ಕುಸುಮ್ ಯೋಜನೆಯ ‘ಸಿ’ ವಿಭಾಗದಡಿ ನಮ್ಮ ಕಡೆಯ ಒಂದು ಪಂಪ್‌ಸೆಟ್ ಫೀಡರ್‌ಗೆ 1.5 ಮೆಗಾವಾಟ್ ಸೌರ ಘಟಕ ಜೋಡಿಸುವ ಪ್ರಸ್ತಾವವಿದೆ. ಅದಕ್ಕೆ ಲೋಡ್ ಫ್ಲೋ (ಮಾರ್ಗದ ಪ್ರತಿ ಜಾಗದಲ್ಲೂ ವೋಲ್ಟೇಜ್, ಕರೆಂಟ್ ಎಷ್ಟು ಎಂಬ ಲೆಕ್ಕ) ವರದಿ ತಯಾರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಫೀಡರ್ ವಿವರ ಹೀಗಿದೆ: 66/11 ಕೆವಿ ಉಪಕೇಂದ್ರದಿಂದ ಹೊರಟು 18 ಕಿ.ಮೀ. ಮುಖ್ಯ ಮಾರ್ಗ, ಮೊದಲ 6 ಕಿ.ಮೀ. ರ‍್ಯಾಬಿಟ್ ತಂತಿ, ಉಳಿದದ್ದೆಲ್ಲ ಅದಕ್ಕಿಂತ ತೆಳುವಾದ ವೀಸಲ್ ತಂತಿ. ಹೊರೆ ಬಹುತೇಕ ಕೊಳವೆಬಾವಿ ಪಂಪ್‌ಗಳದ್ದು. ದಾಳಿಂಬೆ, ಅಡಿಕೆ, ತೆಂಗು. ಕಡತದ ಪ್ರಕಾರ ಮಂಜೂರಾದ ಹೊರೆ ಒಟ್ಟು ಸುಮಾರು 5,600 ಎಚ್‌ಪಿ, ಅಂದರೆ 4.2 ಮೆಗಾವಾಟ್. ಪವರ್ ಫ್ಯಾಕ್ಟರ್ (ಎಳೆದ ಒಟ್ಟು ಶಕ್ತಿಯಲ್ಲಿ ನಿಜವಾಗಿ ಕೆಲಸ ಮಾಡುವ ಪಾಲು) 0.8 ಎಂದು ಇಟ್ಟುಕೊಂಡಿದ್ದೇನೆ.

ಇದನ್ನು ಪೈಥಾನ್‌ನಲ್ಲಿ ಪಾಂಡಾಪವರ್ ಎಂಬ ತಂತ್ರಾಂಶ ಬಳಸಿ ಓಡಿಸಿದರೆ ಲೆಕ್ಕ ಒಮ್ಮುಖವಾಗುವುದೇ (ಒಂದು ಉತ್ತರಕ್ಕೆ ಬಂದು ನಿಲ್ಲುವುದೇ) ಇಲ್ಲ. ಕೆಂಪು ಅಕ್ಷರದಲ್ಲಿ ದೋಷಸೂಚನೆ ಬಂದು ನಿಲ್ಲುತ್ತದೆ. ಅದೇ ದತ್ತಾಂಶವನ್ನು ಇನ್ನೊಂದು ತಂತ್ರಾಂಶವಾದ ಓಪನ್‌ಡಿಎಸ್‌ಎಸ್‌ಗೆ ಕೊಟ್ಟರೆ ಕ್ಷಣದಲ್ಲಿ ಉತ್ತರ ಕೊಡುತ್ತದೆ, ಬಾಲದಲ್ಲಿ, ಅಂದರೆ ಮಾರ್ಗದ ಕೊನೆಯ ತುದಿಯಲ್ಲಿ, ವೋಲ್ಟೇಜ್ ಪಾತಾಳಕ್ಕೆ ಇಳಿದಿದ್ದರೂ ಅದಕ್ಕೆ ಚಿಂತೆಯಿಲ್ಲ. ಇತ್ತ ಉಪಕೇಂದ್ರದ ಪುಸ್ತಕ ನೋಡಿದರೆ, ಪಂಪ್ ಪಾಳಿಯಲ್ಲಿ ಆ ಫೀಡರ್‌ನ ಮೀಟರ್ ತೋರಿಸುವುದು 95 ಆಂಪಿಯರ್ ಆಸುಪಾಸು. ಮಾರ್ಗ ಹೇಗೋ ನಡೆಯುತ್ತಲೇ ಇದೆ.

ಯಾವುದನ್ನು ನಂಬಬೇಕು? ನಮ್ಮ ಫೀಡರ್‌ಗೆ ಹೊಂದುವಂತೆ ಮಾದರಿಯಲ್ಲಿ ಏನನ್ನು ಬದಲಿಸಬೇಕು? ವರದಿಯ ನಮೂನೆ ಕಚೇರಿಯಿಂದಲೇ ಬಂದದ್ದು. ಅದರಲ್ಲಿ ಮಂಜೂರಾದ ಹೊರೆಯನ್ನೇ ತುಂಬಬೇಕೆಂದು ಬರೆದಿದ್ದಾರೆ.

ಜೋಗಿಮಟ್ಟಿ ಗಾಳಿ, ಚಿತ್ರದುರ್ಗ

ಒಮ್ಮುಖವಾಗದಿದ್ದರೆ ಮೊದಲು ಪರಿಹಾರ ವಿಧಾನವನ್ನು ಬದಲಿಸಿ ನೋಡಿ. ಪಾಂಡಾಪವರ್‌ನಲ್ಲಿ ನ್ಯೂಟನ್-ರಾಫ್ಸನ್ ಒಂದೇ ಅಲ್ಲ, ಫಾಸ್ಟ್ ಡಿಕಪಲ್ಡ್ ಇದೆ, ಇವಾಮೊಟೊ ಇದೆ. ನಾನು ಗಾಳಿ ವಿದ್ಯುತ್ ಘಟಕಗಳ 66 ಕೆವಿ ಅಧ್ಯಯನಗಳಲ್ಲಿ ಫಾಸ್ಟ್ ಡಿಕಪಲ್ಡ್ ಅನ್ನೇ ಬಳಸುತ್ತೇನೆ, ತಕರಾರಿಲ್ಲದೆ ಓಡುತ್ತದೆ. ಅದೂ ಆಗದಿದ್ದರೆ ಹೊರೆಗಳನ್ನು ಸ್ಥಿರ ಇಂಪೀಡೆನ್ಸ್ (ವೋಲ್ಟೇಜ್ ಇಳಿದಂತೆ ಎಳೆಯುವ ಶಕ್ತಿಯೂ ಇಳಿಯುವ ಹೊರೆ) ಎಂದು ಘೋಷಿಸಿಬಿಡಿ. ಯಾವ ಜಾಲವೂ ಒಮ್ಮುಖವಾಗುತ್ತದೆ. ವರದಿ ಕೇಳುವವರು ಅಷ್ಟು ಆಳಕ್ಕೆ ಇಳಿದು ನೋಡುವುದಿಲ್ಲ.

ನಿಟ್ಟುವಳ್ಳಿ ನಿವೃತ್ತ, ದಾವಣಗೆರೆ

ಮೇಲಿನ ಸಲಹೆಯ ಕೊನೆಯ ವಾಕ್ಯ ಓದಿ ಚಹಾ ಆರಿಹೋಯಿತು. ನೋಡುವವರಿಲ್ಲ ಎಂಬ ಕಾರಣಕ್ಕೆ ಬರೆದ ವರದಿಗಳ ಮೇಲೆಯೇ ನಮ್ಮ ಅರ್ಧ ಫೀಡರ್‌ಗಳು ನಿಂತಿವೆ.

ವಿಧಾನದ ಮಾತು ಮೊದಲು ಮುಗಿಸುತ್ತೇನೆ. ಸ್ಟಾಟ್ ಮತ್ತು ಅಲ್ಸಾಕ್ 1974ರಲ್ಲಿ ಫಾಸ್ಟ್ ಡಿಕಪಲ್ಡ್ ವಿಧಾನ ಪ್ರಕಟಿಸಿದ್ದು ಪ್ರಸರಣ ಜಾಲಗಳನ್ನು ಕಣ್ಣ ಮುಂದಿಟ್ಟುಕೊಂಡು. ಅಲ್ಲಿ ರಿಯಾಕ್ಟೆನ್ಸ್ (ಎಸಿ ಕರೆಂಟಿಗೆ ತಂತಿಯ ಕಾಂತಕ್ಷೇತ್ರ ಒಡ್ಡುವ ಅಡ್ಡಿ) ದೊಡ್ಡದು, ರೆಸಿಸ್ಟೆನ್ಸ್ ಚಿಕ್ಕದು. ಆದ್ದರಿಂದ ಕೋನವನ್ನೂ ವೋಲ್ಟೇಜನ್ನೂ ಬೇರೆ ಬೇರೆ ಬಿಡಿಸಬಹುದು. ವೀಸಲ್ ತಂತಿಯಲ್ಲಿ ಲೆಕ್ಕ ತಲೆಕೆಳಗು: 20 ಡಿಗ್ರಿಯಲ್ಲೇ ಕಿ.ಮೀ.ಗೆ 0.91 ಓಮ್ ರೆಸಿಸ್ಟೆನ್ಸ್, ರಿಯಾಕ್ಟೆನ್ಸ್ 0.37ರ ಆಸುಪಾಸು. ಇಲ್ಲಿ ಆ ಊಹೆಯೇ ನಿಲ್ಲುವುದಿಲ್ಲ. ಕವಲುಮಾರ್ಗಗಳ ಇಂಥ ಫೀಡರ್‌ಗೆ ಹಿಂದು-ಮುಂದು ಸ್ವೀಪ್ ವಿಧಾನ ಹೇಳಿ ಮಾಡಿಸಿದ್ದು, ಅದೂ ಪಾಂಡಾಪವರ್‌ನಲ್ಲಿದೆ. ಆದರೆ ನಿಮ್ಮ ಸಂಕಟಕ್ಕೆ ಅದೂ ಮದ್ದಲ್ಲ, ಏಕೆಂದರೆ ನೀವು ಕೊಟ್ಟ ಹೊರೆಗೆ ಈ ಮಾರ್ಗದಲ್ಲಿ ಪರಿಹಾರವೇ ಇಲ್ಲ. 4.2 ಮೆಗಾವಾಟ್, 0.8 ಪವರ್ ಫ್ಯಾಕ್ಟರ್ ಎಂದರೆ 5.2 ಎಂವಿಎ, ತಲೆಯಲ್ಲಿ (ಉಪಕೇಂದ್ರದ ಬಳಿ) 270 ಆಂಪಿಯರ್‌ಗೂ ಮಿಗಿಲು. ರ‍್ಯಾಬಿಟ್ ತಂತಿ ಅಷ್ಟನ್ನು ಹೊರುವುದಿಲ್ಲ; ಹೊತ್ತರೂ 18 ಕಿ.ಮೀ. ಆಚೆಗೆ ಅಷ್ಟು ಶಕ್ತಿಯನ್ನು ದೂಡುವುದಕ್ಕೆ 11 ಕೆವಿ ಸಾಲುವುದಿಲ್ಲ. ಪಾಂಡಾಪವರ್ ಅದನ್ನೇ ಕೆಂಪು ಅಕ್ಷರದಲ್ಲಿ ಹೇಳಿದೆ.

ಹಾಗಾದರೆ ಓಪನ್‌ಡಿಎಸ್‌ಎಸ್ ಹೇಗೆ ಉತ್ತರ ಕೊಟ್ಟಿತು? ಅದರ ಹೊರೆ ಮಾದರಿಯಲ್ಲಿ ವಿಮಿನ್‌ಪಿಯು ಎಂಬ ಒಂದು ಮೌಲ್ಯವಿದೆ. ನೀವು ಏನೂ ಹೇಳದಿದ್ದರೆ ಅದು 0.95, ಅಂದರೆ ನಿಗದಿತ ವೋಲ್ಟೇಜಿನ 95 ಪ್ರತಿಶತ. ಹೊರೆಯ ವೋಲ್ಟೇಜ್ ಅದಕ್ಕಿಂತ ಕೆಳಗೆ ಹೋದ ತಕ್ಷಣ, ನೀವು ಸ್ಥಿರ ಶಕ್ತಿ ಎಂದು ಬರೆದಿದ್ದರೂ ತಂತ್ರಾಂಶ ಸದ್ದಿಲ್ಲದೆ ಆ ಹೊರೆಯನ್ನು ಸ್ಥಿರ ಇಂಪೀಡೆನ್ಸ್ ಆಗಿ ಬದಲಿಸುತ್ತದೆ. ಲೆಕ್ಕ ಸಿಕ್ಕಿಹಾಕಿಕೊಳ್ಳದಿರಲಿ ಎಂದು ಮಾಡಿದ ಏರ್ಪಾಡು ಅದು. ವೋಲ್ಟೇಜ್ 5 ಪ್ರತಿಶತಕ್ಕಿಂತ ಹೆಚ್ಚು ಇಳಿಯುವುದು ಅಪರೂಪವಾದ ಜಾಲಗಳಲ್ಲಿ ತೊಂದರೆಯಿಲ್ಲ. ನಮ್ಮ ಕಡೆ ಫೀಡರಿನ ಅರ್ಧಭಾಗ ಆ ಗೆರೆಯ ಕೆಳಗೇ ಬದುಕುತ್ತದೆ. ನಿಮ್ಮ ಫಲಿತಾಂಶದಲ್ಲಿ ಹೆಚ್ಚಿನ ಪಂಪ್‌ಗಳು ಪಂಪ್‌ಗಳಾಗಿ ಉಳಿದೇ ಇಲ್ಲ, ಹೀಟರ್‌ಗಳಾಗಿವೆ.

ಪಂಪ್ ಹೀಟರ್‌ನಂತೆ ವರ್ತಿಸುವುದಿಲ್ಲ. ಆವರ್ತನ 50 ಹರ್ಟ್ಸ್ ಇರುವ ತನಕ ಮೋಟಾರಿನ ವೇಗ ಹೆಚ್ಚು ಬದಲಾಗುವುದಿಲ್ಲ; ವೇಗ ಬದಲಾಗದಿದ್ದರೆ ನೀರೆತ್ತಲು ಬೇಕಾದ ಶಕ್ತಿಯೂ ಬದಲಾಗುವುದಿಲ್ಲ. ವೋಲ್ಟೇಜ್ ಇಳಿದಾಗ ಸ್ಲಿಪ್ (ಮೋಟಾರಿನ ವೇಗ ಹಿಂದೆ ಬೀಳುವ ಪ್ರಮಾಣ) ಸ್ವಲ್ಪ ಹೆಚ್ಚಿ, ಕರೆಂಟ್ ಏರಿ, ಅದು ತನ್ನ ಪಾಲನ್ನು ಎಳೆದುಕೊಂಡೇ ತೀರುತ್ತದೆ. ಬೇಸಿಗೆಯಲ್ಲಿ ಬಾಲದ ಪಂಪ್‌ಗಳ ವೈಂಡಿಂಗ್ ಸುಡುವುದು ಇದೇ ಕಾರಣಕ್ಕೆ. ವೋಲ್ಟೇಜ್ ಜೊತೆಗೆ ಹೊರೆಯೂ ಇಳಿಯುವುದಾಗಿದ್ದರೆ ಹಿರಿಯೂರು, ಚಳ್ಳಕೆರೆ, ಹೊಸದುರ್ಗದ ರಿವೈಂಡಿಂಗ್ ಅಂಗಡಿಗಳು ಎಂದೋ ಬಾಗಿಲು ಹಾಕುತ್ತಿದ್ದವು.

ಆದ್ದರಿಂದ ಓಪನ್‌ಡಿಎಸ್‌ಎಸ್‌ನಲ್ಲಿ ಪಂಪ್‌ಗಳಿಗೆ 3ನೇ ಮಾದರಿ ಕೊಡಿ: ಕೆಲಸ ಮಾಡುವ ಸಕ್ರಿಯ ಶಕ್ತಿ ಸ್ಥಿರ, ಕಾಂತಕ್ಷೇತ್ರಕ್ಕಷ್ಟೇ ಬೇಕಾದ ರಿಯಾಕ್ಟಿವ್ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣ. ವಿಮಿನ್‌ಪಿಯು 0.7ಕ್ಕೆ ಇಳಿಸಿ. ತೀರಾ ಕಡಿಮೆ ವೋಲ್ಟೇಜಿನಲ್ಲಿ ಮೋಟಾರಿನ ರಿಯಾಕ್ಟಿವ್ ಮತ್ತೆ ಏರತೊಡಗುತ್ತದೆ, ಅದನ್ನು ಈ ಮಾದರಿ ಹಿಡಿಯುವುದಿಲ್ಲ. ಅಷ್ಟು ನಿಖರತೆ ಬೇಕೆನಿಸಿದರೆ 8ನೇ ಮಾದರಿಯಲ್ಲಿ ಏಳು ಗುಣಾಂಕಗಳನ್ನು ನೀವೇ ಕೊಡಬಹುದು. ಏಳನೆಯದು ಹೊರೆ ಕಡಿದುಹೋಗುವ ವೋಲ್ಟೇಜ್. ಇನ್ನೊಂದು ಮಾತು, ಕಡತದ ಮೊದಲ ಸಾಲಿನಲ್ಲೇ ಆವರ್ತನ 50 ಎಂದು ಬರೆಯಿರಿ. ಅಮೆರಿಕದ ಇಪಿಆರ್‌ಐ ಸಂಸ್ಥೆಯ ತಂತ್ರಾಂಶ ಅದು, ಬಿಟ್ಟರೆ 60 ಎಂದೇ ಹಿಡಿಯುತ್ತದೆ. ತಂತಿಯ ವಿವರವನ್ನು 60ರಲ್ಲಿ ಬಿಟ್ಟು ಲೆಕ್ಕವನ್ನು ಮಾತ್ರ 50ರಲ್ಲಿ ಓಡಿಸಿದರೆ ನಿಮ್ಮ ರಿಯಾಕ್ಟೆನ್ಸ್ ಕೇಳದೆಯೇ ಆರನೆಯ ಒಂದು ಭಾಗ ಕರಗಿಹೋಗುತ್ತದೆ.

ಪಾಂಡಾಪವರ್‌ನದು ಇನ್ನೊಂದು ಬಗೆಯ ಪರದೇಶಿತನ. ಜರ್ಮನಿಯ ಕಾಸೆಲ್ ವಿಶ್ವವಿದ್ಯಾಲಯ ಮತ್ತು ಫ್ರೌನ್‌ಹೋಫರ್ ಸಂಸ್ಥೆ ಸೇರಿ ಕಟ್ಟಿದ್ದು, ಆದ್ದರಿಂದ ಅದರ ಸಿದ್ಧ ತಂತಿ ಪಟ್ಟಿಯಲ್ಲಿ ಯುರೋಪಿನ ತಂತಿಗಳಿವೆ, ರ‍್ಯಾಬಿಟ್ ಇಲ್ಲ, ವೀಸಲ್ ಇಲ್ಲ. ಹತ್ತಿರದ್ದು ಎಂದು ಯಾವುದನ್ನೋ ಆರಿಸಬೇಡಿ. ನಿಮ್ಮದೇ ತಂತಿ ವಿಧಗಳನ್ನು ಸೃಷ್ಟಿಸಿ. 20 ಡಿಗ್ರಿಯಲ್ಲಿ ರ‍್ಯಾಬಿಟ್ 0.545, ವೀಸಲ್ 0.91. ಜೊತೆಗೆ ತಂತಿಯ ತಾಪಮಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಆಯ್ಕೆಯನ್ನು ಚಾಲೂ ಮಾಡಿ. ಏಪ್ರಿಲ್ ಮಧ್ಯಾಹ್ನ ಹಿರಿಯೂರಿನಲ್ಲಿ ಹೊರೆ ಹೊತ್ತ ತಂತಿ 20 ಡಿಗ್ರಿಯಲ್ಲಿರುವುದಿಲ್ಲ. 60 ಎಂದಿಟ್ಟುಕೊಂಡರೂ ಅಲ್ಯೂಮಿನಿಯಂ ರೆಸಿಸ್ಟೆನ್ಸ್ 16 ಪ್ರತಿಶತ ಏರುತ್ತದೆ: ರ‍್ಯಾಬಿಟ್ 0.63, ವೀಸಲ್ 1.06.

ಈಗ ಮುಖ್ಯ ವಿಷಯ, ಹೊರೆಯ ಪ್ರಮಾಣ. ಮಂಜೂರಾತಿ ಪತ್ರದಲ್ಲಿರುವ ಎಚ್‌ಪಿ ಎಲ್ಲವೂ ಒಟ್ಟಿಗೆ ಓಡುವುದಿಲ್ಲ. ಬತ್ತಿದ ಬಾವಿಗಳಿವೆ, ಪಾಳಿಗಳಿವೆ, ಹನಿ ನೀರಾವರಿಯ ತೋಟಗಳಿವೆ. 2022ರಲ್ಲಿ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಿತಲ್ಲ, ಅದಕ್ಕೂ ಹಿಂದಿನ ಬರಗಾಲದ ದಾಖಲೆಗಳನ್ನು ಈಗಿನ ಫೀಡರ್‌ಗೆ ಅಂಟಿಸುವವರನ್ನೂ ನೋಡಿದ್ದೇನೆ. ನಿಮ್ಮ ಕೈಯಲ್ಲಿರುವ ಗಟ್ಟಿ ಅಂಕಿ ಒಂದೇ, ಆ 95 ಆಂಪಿಯರ್. ಅದರಿಂದ ಹಿಂದಕ್ಕೆ ಬನ್ನಿ: 1.8 ಎಂವಿಎ. ಅದನ್ನು ಟಿಸಿಗಳ (ಕಂಬದ ಮೇಲಿನ ವಿತರಣಾ ಪರಿವರ್ತಕಗಳ) ಕೆವಿಎ ಪ್ರಮಾಣಕ್ಕೆ ಅನುಗುಣವಾಗಿ ಹಂಚಿ, ಓಡಿಸಿ, ತಲೆಯ ಕರೆಂಟ್ 95ಕ್ಕೆ ಬರುವ ತನಕ ಹೊರೆಗಳನ್ನು ತಿದ್ದಿ. ಓಪನ್‌ಡಿಎಸ್‌ಎಸ್‌ನಲ್ಲಿ ಹೊರೆ ಹಂಚುವ ಆಜ್ಞೆಯೇ ಇದೆ. ಪಾಂಡಾಪವರ್‌ನಲ್ಲಿ ಹತ್ತು ಸಾಲಿನ ಲೂಪ್ ಬರೆದರೆ ಸಾಕು. ನಮೂನೆಯವರಿಗೆ ಮಂಜೂರಾದ ಹೊರೆಯ ಅಂಕಿ ಬೇಕಿದ್ದರೆ ಅದನ್ನು ಒಂದು ಅಂಕಣದಲ್ಲಿ ತೋರಿಸಿ, ಪಕ್ಕದಲ್ಲಿ ಅಳೆದದ್ದನ್ನು ಬರೆಯಿರಿ.

ಓಡಿಸುವ ಮುನ್ನ ಕಾಗದದ ಮೇಲೆ ಒಮ್ಮೆ ಮಾಡಿ. ಹೊರೆ ಉದ್ದಕ್ಕೂ ಸಮನಾಗಿ ಹರಡಿದೆ ಎಂದುಕೊಳ್ಳಿ. ರ‍್ಯಾಬಿಟ್ ಭಾಗದಲ್ಲಿ ಸರಾಸರಿ 79 ಆಂಪಿಯರ್, ವೀಸಲ್ ಭಾಗದಲ್ಲಿ 32. ಮೊದಲ ಭಾಗದಲ್ಲಿ 0.6 ಕೆವಿ, ಎರಡನೆಯದರಲ್ಲಿ 0.7 ಕೆವಿ ಇಳಿಕೆ. ತಲೆಯಲ್ಲಿ 11 ಇದ್ದರೆ ಬಾಲದಲ್ಲಿ 9.7. 1956ರ ಭಾರತೀಯ ವಿದ್ಯುತ್ ನಿಯಮಾವಳಿಯ 54ನೇ ನಿಯಮ ಈ ಮಟ್ಟಕ್ಕೆ ಕೊಟ್ಟಿದ್ದ ಮಿತಿ ಮೇಲಕ್ಕೆ 6, ಕೆಳಕ್ಕೆ 9 ಪ್ರತಿಶತ, ಅಂದರೆ 10.01 ಕೆವಿ. ಈಗಲೇ ಮಿತಿ ಮೀರಿದೆ, ಆದರೆ ಕುಸಿದಿಲ್ಲ. ಮಾದರಿ 9.7ರ ಹತ್ತಿರ ಬಾರದೆ 7 ಎಂದೋ 10.6 ಎಂದೋ ತೋರಿಸಿದರೆ ಸೌರ ಘಟಕ ಜೋಡಿಸುವ ಮಾತು ಆಮೇಲೆ.

ಜೋಗಿಮಟ್ಟಿ ಗಾಳಿ, ಚಿತ್ರದುರ್ಗ

66 ಕೆವಿಯಲ್ಲಿ ಫಾಸ್ಟ್ ಡಿಕಪಲ್ಡ್ ಓಡುತ್ತದೆ ಎಂಬ ನನ್ನ ಮಾತಿಗೆ ಈಗಲೂ ಬದ್ಧ. ಹೀಟರ್ ವಿಚಾರ ಒಪ್ಪಿದೆ. ಒಂದು ಪ್ರಶ್ನೆ: ವೋಲ್ಟೇಜ್ ತೀರಾ ಇಳಿದರೆ ಪಂಪ್ ತಾನೇ ಕಡಿದುಕೊಳ್ಳುತ್ತದೆ. ಅದನ್ನು ಸ್ಥಿರ ಶಕ್ತಿ ಎಂದು ಕೊನೆತನಕ ಎಳೆಯುವುದೂ ಸುಳ್ಳಲ್ಲವೇ?

ನಿಟ್ಟುವಳ್ಳಿ ನಿವೃತ್ತ, ದಾವಣಗೆರೆ

ಒಳ್ಳೆಯ ಪ್ರಶ್ನೆ. ಇಲ್ಲಿಯೇ ಪಾಂಡಾಪವರ್ ನನಗೆ ಇಷ್ಟವಾಗುವುದು. ಅದರಲ್ಲಿ ಕಂಟ್ರೋಲರ್ ಎಂಬ ಮೂಲ ವರ್ಗವಿದೆ; ಅದರಿಂದ ನಿಮ್ಮದೇ ಒಂದು ‘ಸ್ಟಾರ್ಟರ್’ ವರ್ಗ ಬರೆಯಬಹುದು. ಪ್ರತಿ ಸುತ್ತು ಲೋಡ್ ಫ್ಲೋ ಮುಗಿದ ಮೇಲೆ ಅದು ತನ್ನ ಟಿಸಿಯ ವೋಲ್ಟೇಜ್ ನೋಡುತ್ತದೆ. ಇಳಿದಿದ್ದರೆ ಹೊರೆಯನ್ನು ಕಳಚಿ, ಮತ್ತೆ ಓಡಿಸು ಎನ್ನುತ್ತದೆ. ಎಲ್ಲ ಕಂಟ್ರೋಲರ್‌ಗಳೂ ತೃಪ್ತರಾದಾಗ ಲೆಕ್ಕ ನಿಲ್ಲುತ್ತದೆ.

ಹುಷಾರಾಗಿರಬೇಕಾದ ಜಾಗ ಒಂದಿದೆ. ಸ್ಟಾರ್ಟರಿನೊಳಗಿನ ಸ್ವಿಚ್ಚಾದ ಕಾಂಟ್ಯಾಕ್ಟರ್ ಹಿಡಿಯುವ ವೋಲ್ಟೇಜ್ ಬೇರೆ, ಬಿಡುವ ವೋಲ್ಟೇಜ್ ಬೇರೆ. ಐಇಸಿ ಮಾನದಂಡದ ಪ್ರಕಾರ 85 ಪ್ರತಿಶತದಲ್ಲಿ ಅದು ಹಿಡಿಯಲೇಬೇಕು; ಬಿಡುವುದು 75ರಿಂದ 20ರ ನಡುವೆ ಎಲ್ಲಿಯಾದರೂ ಆಗಬಹುದು. ಎರಡಕ್ಕೂ ಒಂದೇ ಗೆರೆ ಇಟ್ಟರೆ ಪಂಪ್ ಕಳಚುತ್ತದೆ, ವೋಲ್ಟೇಜ್ ಏರುತ್ತದೆ, ಪಂಪ್ ಮತ್ತೆ ಸೇರುತ್ತದೆ, ವೋಲ್ಟೇಜ್ ಬೀಳುತ್ತದೆ. ಕಂಪ್ಯೂಟರ್ ರಾತ್ರಿಯಿಡೀ ಗಂಟೆ ಹೊಡೆಯುತ್ತ ಕೂರುತ್ತದೆ. 70ರಲ್ಲಿ ಬಿಡಲಿ, 85ರಲ್ಲಿ ಸೇರಲಿ. ಒಂದೇ ಲೆಕ್ಕದಲ್ಲಿ ಒಮ್ಮೆ ಬಿಟ್ಟದ್ದು ಮರಳಿ ಸೇರದಿರಲಿ. ಎಲ್ಲ ಪಂಪ್‌ಗಳನ್ನೂ ಒಂದೇ ಸುತ್ತಿನಲ್ಲಿ ಕಳಚಬಾರದು, ಅತಿ ಕಡಿಮೆ ವೋಲ್ಟೇಜಿನದು ಮೊದಲು. ತ್ರಿಫೇಸ್ ಬಂದ ಕ್ಷಣವೇ ಸಾಲಾಗಿ ಏಳುವ ಆಟೊ ಸ್ಟಾರ್ಟರ್‌ಗಳ ಆರಂಭದ ಕರೆಂಟ್ ಬೇರೆಯೇ ಕಥೆ, ಅದು ಲೋಡ್ ಫ್ಲೋ ವ್ಯಾಪ್ತಿಯದ್ದಲ್ಲ.

ವೇದಾವತಿ ದಂಡೆ, ಹಿರಿಯೂರು

ಇಬ್ಬರಿಗೂ ವಂದನೆ. ತಂತಿ ವಿಧಗಳನ್ನು ಹೊಸದಾಗಿ ಬರೆದು, ತಾಪಮಾನ ಸೇರಿಸಿ, 95 ಆಂಪಿಯರ್‌ಗೆ ಹೊಂದಿಸಿದ ಮೇಲೆ ಎರಡೂ ತಂತ್ರಾಂಶಗಳು ಬಾಲದಲ್ಲಿ 9.6 ಕೆವಿ ಎನ್ನುತ್ತಿವೆ. ಸ್ಲ್ಯಾಕ್ ಬಸ್ಸನ್ನು (ವೋಲ್ಟೇಜ್ ಸ್ಥಿರವೆಂದು ಹಿಡಿಯುವ ಬಿಂದುವನ್ನು) 11 ಕೆವಿಯಿಂದ 66 ಕೆವಿ ಕಡೆಗೆ ಸರಿಸಿ, ಅದೇ ಪರಿವರ್ತಕದ ಉಳಿದ ಫೀಡರ್‌ಗಳನ್ನು ಒಂದೊಂದು ಹೊರೆಯಾಗಿ ಕೂರಿಸಿದ್ದೇನೆ.

ತುದಿಯ 63 ಕೆವಿಎ ಟಿಸಿಯ ಕೆಳಬದಿಯಲ್ಲಿ ಮಾದರಿ 366 ವೋಲ್ಟ್ ಹೇಳುತ್ತದೆ. ಲೈನ್‌ಮನ್ ಜೊತೆ ಹೋಗಿ ಅಳೆದಾಗ ಸಿಕ್ಕಿದ್ದು ಮೂರು ಫೇಸ್ ಜೋಡಿಗಳಲ್ಲಿ 352, 361, 370. ಸರಾಸರಿ ಹತ್ತಿರವೇ ಇದೆ, ಆದರೆ ಈ ಹರವನ್ನು ಏನು ಮಾಡುವುದು? ಇನ್ನು ಸೌರ ಘಟಕ: ಜಾಗ ಉಪಕೇಂದ್ರದ ಗೋಡೆಗೆ ಅಂಟಿಕೊಂಡೇ ಇದೆ. ನಮೂನೆಯಲ್ಲಿ ‘ಫೀಡರ್ ನಷ್ಟದಲ್ಲಿ ಇಳಿಕೆ’ ಎಂಬ ಅಂಕಣವಿದೆ.

ಹಳೇ ಮಲ್ಟಿಮೀಟರ್, ಚನ್ನಗಿರಿ

ಹರವಿನ ವಿಚಾರಕ್ಕೆ ಎರಡು ಮಾತು. ಆ ಟಿಸಿಯಲ್ಲಿ ತೋಟದ ಮನೆಗಳು ಎಷ್ಟು, ಯಾವ ಫೇಸ್ ಮೇಲಿವೆ ಎಂದು ಕಂಬ ಹತ್ತುವವರನ್ನೇ ಕೇಳಿ; ಕಚೇರಿಯ ಕಡತದಲ್ಲಿ ಸಿಗುವುದಿಲ್ಲ. ನಮ್ಮ ಅಡಿಕೆ ತೋಟಗಳ ಕಡೆ ಪಂಪ್ ಪಾಳಿ ಮುಗಿದ ಮೇಲೂ ಕಂಡೆನ್ಸರ್ ಕಟ್ಟಿ ಎರಡು ಫೇಸ್‌ನಲ್ಲೇ ಮೋಟಾರ್ ಓಡಿಸುವವರಿದ್ದಾರೆ. ಆ ಹೊತ್ತಿನ ಅಧ್ಯಯನಕ್ಕೆ ಸಮತೋಲಿತ ಮಾದರಿ ಕೆಲಸಕ್ಕೆ ಬಾರದು. ಪಾಂಡಾಪವರ್‌ನಲ್ಲಿ ಮೂರು ಫೇಸ್‌ನ ಲೋಡ್ ಫ್ಲೋ ಬೇರೆಯಾಗಿದೆ, ಆದರೆ ಅದು ಎಲ್ಲ ಬಗೆಯ ಪರಿವರ್ತಕ ಜೋಡಣೆಗಳನ್ನೂ ಒಪ್ಪುವುದಿಲ್ಲ. ನಮ್ಮ ಡೆಲ್ಟಾ-ಸ್ಟಾರ್ ಟಿಸಿಗಳಿಗೆ ಅಡ್ಡಿಯಿಲ್ಲ. ಓಪನ್‌ಡಿಎಸ್‌ಎಸ್ ಹುಟ್ಟಿದ್ದೇ ಫೇಸ್ ಫೇಸ್ ಆಗಿ ಲೆಕ್ಕ ಹಾಕುವುದಕ್ಕೆ. ಅಸಮತೋಲನಕ್ಕೆ ಅದನ್ನೇ ಬಳಸಿ, ಕಂಟ್ರೋಲರ್ ಆಟಗಳಿಗೆ ಇನ್ನೊಂದು.

ನಿಟ್ಟುವಳ್ಳಿ ನಿವೃತ್ತ, ದಾವಣಗೆರೆ

9.6 ಮತ್ತು ಆ ಮೂರು ಅಂಕಿಗಳು ಸಿಕ್ಕಿದ್ದು ಸಂತೋಷ. ಬಾಲದಲ್ಲಿ ಅಳೆಯದೆಯೇ ಅನುಮೋದನೆಯಾದ ವರದಿಗಳು ನಾನು ಕೆಲಸದಲ್ಲಿದ್ದಾಗ ಮೇಜಿನ ಮೇಲೆ ರಾಶಿ ಬೀಳುತ್ತಿದ್ದವು.

ಸೌರ ಘಟಕಕ್ಕೆ ಬರೋಣ. ಘಟಕ ಉಪಕೇಂದ್ರದ 11 ಕೆವಿ ಬಸ್‌ಗೆ ಸೇರಿದರೆ, ಅಲ್ಲಿಂದ ಆಚೆ ಫೀಡರಿನಲ್ಲಿ ಹರಿಯುವ ಕರೆಂಟ್ ಒಂದು ಆಂಪಿಯರ್ ಕೂಡ ಕಡಿಮೆಯಾಗುವುದಿಲ್ಲ. ಮೇಲಿನ ಅಂಕಿಗಳಿಂದಲೇ ಲೆಕ್ಕ ಹಾಕಿದರೆ ಪಂಪ್ ಪಾಳಿಯಲ್ಲಿ ನಿಮ್ಮ ಮುಖ್ಯ ಮಾರ್ಗದ ನಷ್ಟ ಸುಮಾರು 120 ಕಿಲೋವಾಟ್. ಘಟಕ ಬಂದ ಮೇಲೂ ಅಷ್ಟೇ. ಬಾಲದ 9.6 ಕೂಡ ಹಾಗೆಯೇ. ಹೊರೆ ತಗ್ಗುವುದು 66 ಕೆವಿ ಪರಿವರ್ತಕಕ್ಕೆ ಮತ್ತು ಅದರ ಮೇಲಿನ ಜಾಲಕ್ಕೆ. ಯೋಜನೆ ವ್ಯರ್ಥ ಎನ್ನುತ್ತಿಲ್ಲ, ಹಗಲು ಹೊತ್ತು ನೀರು ಸಿಗುವುದೇ ರೈತನಿಗೆ ದೊಡ್ಡದು. ಆದರೆ ಅದು ಫೀಡರ್ ನಷ್ಟದ ಅಂಕಣಕ್ಕೆ ಸೇರುವ ಲಾಭವಲ್ಲ.

ಹಾಗೆಂದು ಘಟಕವನ್ನು ಒಳಗೆ ಒಯ್ದರೆ ಎಲ್ಲ ಸರಿಹೋಗುವುದೂ ಇಲ್ಲ. 9ನೇ ಕಿ.ಮೀ.ನಲ್ಲಿಟ್ಟು ನೋಡಿ. ಪಂಪ್‌ಗಳು ಓಡುವಾಗ ಚೆನ್ನ. ಮಳೆ ಬಂದ ಮರುದಿನ ಬಿಸಿಲು ಕಾದಿದೆ, ಪಂಪ್ ಹಾಕುವವರಿಲ್ಲ ಎಂದುಕೊಳ್ಳಿ; 1.5 ಮೆಗಾವಾಟ್ ಪೂರ್ತಿ ಹಿಂದಕ್ಕೆ ಹರಿದು ಆ ಜಾಗದಲ್ಲಿ ವೋಲ್ಟೇಜನ್ನು 0.95 ಕೆವಿ ಏರಿಸುತ್ತದೆ. 11.95 ಆಯಿತು, ಮಿತಿ 11.66. ಇನ್ವರ್ಟರ್‌ಗಳಿಂದ 0.95 ಪವರ್ ಫ್ಯಾಕ್ಟರ್‌ನಲ್ಲಿ ರಿಯಾಕ್ಟಿವ್ ಹೀರಿಸಿದರೂ ಇಳಿಯುವುದು 0.15 ಕೆವಿ ಮಾತ್ರ, ಈ ತಂತಿಯಲ್ಲಿ ರಿಯಾಕ್ಟೆನ್ಸ್‌ಗೆ ಅಷ್ಟೇ ಬೆಲೆ. ಗಾಳಿ ಘಟಕದವರು 66 ಕೆವಿಯಲ್ಲಿ ರಿಯಾಕ್ಟಿವ್ ತಿರುಗಿಸಿ ವೋಲ್ಟೇಜ್ ಹಿಡಿದಂತೆ ಇಲ್ಲಿ ಹಿಡಿಯಲು ಬಾರದು.

ರ‍್ಯಾಬಿಟ್ ತಂತಿ ಮುಗಿಯುವ 6ನೇ ಕಿ.ಮೀ. ಮಧ್ಯದ ದಾರಿ. ಹೊರೆಯೇ ಇಲ್ಲದಾಗ ಏರಿಕೆ 0.5 ಕೆವಿ, ಮಿತಿಯೊಳಗೆ. ಪಂಪ್‌ಗಳ ಜೊತೆ ಪೂರ್ಣ ಬಿಸಿಲಿದ್ದಾಗ ನಷ್ಟದಲ್ಲಿ ಸುಮಾರು 40 ಕಿಲೋವಾಟ್ ಉಳಿತಾಯ. ವೀಸಲ್ ಭಾಗದ ನಡುವೆ ರಿಯಾಕ್ಟಿವ್ ಒದಗಿಸುವ ಒಂದು ಕೆಪಾಸಿಟರ್ ಬ್ಯಾಂಕ್ ಸೇರಿಸಿ ಓಡಿಸಿ ನೋಡಿ, ಹೊರೆಯಿಲ್ಲದಾಗ ಅದು ಕಳಚುವಂತೆ ಕಂಟ್ರೋಲರ್ ಬರೆಯುವುದನ್ನು ಮರೆಯಬೇಡಿ.

ವೇದಾವತಿ ದಂಡೆ, ಹಿರಿಯೂರು

6ನೇ ಕಿ.ಮೀ. ಹತ್ತಿರ ಸರ್ಕಾರಿ ಜಾಗವಿಲ್ಲ, ಇರುವುದು ಒಂದು ದಾಳಿಂಬೆ ತೋಟ. ಜಾಗ ಬದಲಾಗುವುದು ಅನುಮಾನ. ಅಂಕಣ ಖಾಲಿ ಬಿಟ್ಟರೆ ವರದಿ ವಾಪಸು ಬರುತ್ತದೆ.

ನಿಟ್ಟುವಳ್ಳಿ ನಿವೃತ್ತ, ದಾವಣಗೆರೆ

ಖಾಲಿ ಬಿಡಬೇಡಿ, ಸೊನ್ನೆ ಎಂದು ಬರೆಯಿರಿ. ಕೆಳಗೆ ಒಂದು ಸಾಲು ಸೇರಿಸಿ 66 ಕೆವಿ ಪರಿವರ್ತಕದಲ್ಲಿ ಆಗುವ ಉಳಿತಾಯ ತೋರಿಸಿ. 6ನೇ ಕಿ.ಮೀ. ಫಲಿತಾಂಶವನ್ನು ಅನುಬಂಧವಾಗಿ ಲಗತ್ತಿಸಿ, ಬಾಲದಲ್ಲಿ ಅಳೆದ ಮೂರು ಅಂಕಿಗಳನ್ನು ಮೊದಲ ಪುಟದಲ್ಲೇ ಹಾಕಿ. ವಾಪಸು ಬಂದರೆ ಇಲ್ಲಿ ತಿಳಿಸಿ, ಯಾವ ಆಕ್ಷೇಪಣೆ ಬರೆದಿದ್ದಾರೆ ನೋಡೋಣ.